ನೆರಳು ಅಂದ್ರೆ ಹಿಟ್ಲರ್ ಅಲ್ಲ, ಇನ್ನೆಷ್ಟು ಸಲ ಹೇಳಲಿ?

ಪ್ರಶ್ನೆ: ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯಲ್ಲಿ ಸೋತ ಕೇಡು ಮತ್ತೆ ಮತ್ತೆ ತಲೆ ಎತ್ತುತ್ತದಲ್ಲ, ಆ ‘ನೆರಳು’ ಅಂದ್ರೆ ಹಿಟ್ಲರ್, ಉಂಗುರ ಅಂದ್ರೆ ಅಣುಬಾಂಬು ಅಲ್ವಾ?

ಅಲ್ಲ. ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ಸ್ವಲ್ಪ ದಿನ ತೆಪ್ಪಗಿದ್ದು, ಬೇರೆ ವೇಷ ಹಾಕಿಕೊಂಡು ಮತ್ತೆ ಬರುತ್ತದೆ. ಥೇಟ್ ಸೌರಾನ್, ಆ ಉಂಗುರ ಮಾಡಿದ ಕಥೆಯ ಖಳನಾಯಕ.

ಸುಮ್ನೆ ಇಸವಿ ನೋಡಿ ಸಾಕು. ಮಂತ್ರವಾದಿ ಗ್ಯಾಂಡಾಲ್ಫ್ ಉಂಗುರವನ್ನು ಒಲೆಗೆ ಎಸೆಯುವ, ನೆರಳು ಸೋತ ಮೇಲೂ ಬೇರೆ ರೂಪದಲ್ಲಿ ಬೆಳೆಯುತ್ತದೆ ಅನ್ನುವ ಅಧ್ಯಾಯ ಇದೆಯಲ್ಲ, ಅದರ ಮೊದಲ ಕರಡು 1938ರದು. ಎರಡನೇ ಮಹಾಯುದ್ಧ ಶುರುವಾದದ್ದು 1939ರಲ್ಲಿ, ಬಾಂಬು ಬಿದ್ದದ್ದು 1945ರಲ್ಲಿ. ಪುಸ್ತಕ ಅಚ್ಚಾದದ್ದು 1954-55ರಲ್ಲಿ, ಅದಕ್ಕೇ ಜನ ಗಂಟು ಹಾಕಿದರು. ‘ಆಮೇಲೆ ತಿದ್ದಿದರಲ್ಲ’ ಅನ್ನುವವರೂ ಇದ್ದಾರೆ. ತಿದ್ದಿದರು, ಸರಿ. ಆದರೆ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ತಾವೇ ಬಿಡಿಸಿ ಹೇಳಿದ್ದಾರೆ: ನಿಜವಾದ ಯುದ್ಧದ ಥರ ಬರೆದಿದ್ದರೆ ಉಂಗುರವನ್ನು ಕಿತ್ತುಕೊಂಡು ಸೌರಾನ್ ಮೇಲೇ ಬಳಸುತ್ತಿದ್ದರು, ಅವನ ಕೋಟೆ ಉರುಳುತ್ತಿರಲಿಲ್ಲ, ಗೆದ್ದವರ ವಶವಾಗುತ್ತಿತ್ತು. ಯುದ್ಧದ ಪ್ರಭಾವವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1916ರಲ್ಲಿ ಅವರು ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿದ್ದರು, 1918ರ ಹೊತ್ತಿಗೆ ಆಪ್ತ ಗೆಳೆಯರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಸತ್ತಿದ್ದರು. ಆದರೆ ಪ್ರಭಾವ ಬೇರೆ, ಇದಕ್ಕೆ ಇದು ಅಂತ ಚೀಟಿ ಅಂಟಿಸುವುದು ಬೇರೆ. ನೆರಳಿಗೆ ಒಬ್ಬನ ಹೆಸರಿಟ್ಟರೆ ಅವನು ಸತ್ತ ದಿನವೇ ಕಥೆ ಮುಗಿಯಬೇಕಲ್ಲ!

ಹಾಗಾದರೆ ಯಾಕೆ ಮರಳುತ್ತದೆ? ರಕ್ತಬೀಜಾಸುರನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಬಿದ್ದ ಪ್ರತಿ ಹನಿಗೂ ಅಂಥದೇ ಅಸುರ. ಇಲ್ಲಿ ಗೆದ್ದವನೇ ಏನೋ ಒಂದನ್ನು ಎತ್ತಿಟ್ಟುಕೊಳ್ಳುತ್ತಾನೆ. ಹಿಂದೊಂದು ಯುದ್ಧದಲ್ಲಿ ಇಸಿಲ್ದುರ್ ಎಂಬ ರಾಜ ಸೌರಾನ್‌ನ ಬೆರಳು ಕತ್ತರಿಸಿ ಉಂಗುರ ತೆಗೆದ. ಅದನ್ನು ಕರಗಿಸಬಲ್ಲ ಬೆಂಕಿ ಪಕ್ಕದಲ್ಲೇ ಇತ್ತು, ಎಸೆಯಲಿಲ್ಲ. ಸತ್ತ ಅಪ್ಪ ಮತ್ತು ತಮ್ಮನ ಜೀವಕ್ಕೆ ಇದು ಪರಿಹಾರ ಅಂದ. ಬರೀ ದುರಾಸೆ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು, ದುಃಖವೂ ಸೇರಿದೆ ನೋಡಿ.

ಇನ್ನು ಯಾರೂ ಕೇಳದ ಪ್ರಶ್ನೆ: ಕಥೆಯ ಕೊನೆಗೆ ಉಂಗುರ ಬೆಂಕಿಗೆ ಬಿದ್ದು ಕರಗಿದ ಮೇಲಾದರೂ ಮುಗಿಯಿತಾ? ಟೋಲ್ಕಿನ್ ಮುಂದಿನ ಭಾಗ ಶುರುಮಾಡಿ ಕೆಲವೇ ಪುಟಕ್ಕೆ ಕೈಬಿಟ್ಟರು. ಅದರಲ್ಲಿ ಸೌರಾನ್ ಬಿದ್ದು ನೂರು ವರ್ಷದ ಮೇಲಾಗಿದೆ. ನೆಮ್ಮದಿ ಜಾಸ್ತಿಯಾಗಿ ಬೇಜಾರು ಬಂದಿದೆ, ಹುಡುಗರು ಸೌರಾನ್ ಪಡೆಯ ಕ್ರೂರ ಜೀವಿಗಳಾದ ಓರ್ಕ್‌ಗಳ ವೇಷದ ಆಟ ಆಡುತ್ತಿದ್ದಾರೆ. ಮುದುಕನೊಬ್ಬ ಹಿಂದೊಮ್ಮೆ ಕಾಯಿ ಸೇಬು ಕಿತ್ತ ಹುಡುಗನನ್ನು ಬೈದಿರುತ್ತಾನೆ, ದೊಡ್ಡವನಾದ ಅದೇ ಹುಡುಗ ಈಗ ಎದುರು ಕೂತು ವಾದ ಮಾಡುತ್ತಾನೆ. ಕತ್ತಲಾದ ಮೇಲೆ ಮುದುಕ ಮನೆಯೊಳಗೆ ಹೋಗಿ ಕೂಗುತ್ತಾನೆ, ಯಾರೂ ಓಗೊಡುವುದಿಲ್ಲ. ಬರವಣಿಗೆ ಅಲ್ಲಿಗೆ ನಿಂತಿದೆ.