ಗುಟ್ಟು ಬಿಟ್ಟವರು ದೊಡ್ಡವರಾದರೆ ಜೈಲು ಯಾಕಿಲ್ಲ?

ಓದುಗರ ಪ್ರಶ್ನೆ: ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಸಣ್ಣ ನೌಕರರು ಸರ್ಕಾರದ ರಹಸ್ಯ ಹೊರಗೆ ಕೊಟ್ಟರೆ ಜೈಲಿಗೆ ಹೋಗುತ್ತಾರೆ. ಅದೇ ಕೆಲಸ ಮೇಲಿನವರು ಮಾಡಿದರೆ ಯಾಕೆ ಏನೂ ಆಗುವುದಿಲ್ಲ?

ಉತ್ತರ: ಒಂದು ಬೆಳಗಿನ ತಿಂಡಿಯಿಂದ ಶುರು ಮಾಡೋಣ. 2003ರ ಜುಲೈ 8, ವಾಷಿಂಗ್ಟನ್‌ನ ಸೇಂಟ್ ರೀಜಿಸ್ ಹೋಟೆಲ್. ಉಪಾಧ್ಯಕ್ಷ ಡಿಕ್ ಚೇನಿ ಅವರ ಬಲಗೈ ಆಗಿದ್ದ 'ಸ್ಕೂಟರ್' ಲಿಬ್ಬಿ ಮತ್ತು ನ್ಯೂಯಾರ್ಕ್ ಟೈಮ್ಸ್ ವರದಿಗಾರ್ತಿ ಜೂಡಿತ್ ಮಿಲ್ಲರ್ ಸುಮಾರು ಎರಡು ಗಂಟೆ ಮಾತಾಡುತ್ತಾ ಕೂತಿದ್ದರು. ಅದಕ್ಕೆ ಎರಡು ದಿನ ಮುಂಚೆ ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ ಅದೇ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಸದ್ದಾಂ ಹುಸೇನ್ ಆಫ್ರಿಕಾದಿಂದ ಅಣುಬಾಂಬಿಗೆ ಬೇಕಾಗುವ ಯುರೇನಿಯಂ ಕೊಳ್ಳಲು ನೋಡಿದ ಅನ್ನುವ ಮಾತಿನಲ್ಲಿ ಹುರುಳಿಲ್ಲ ಅಂತ. ಇರಾಕ್ ಯುದ್ಧಕ್ಕೆ ಕೊಟ್ಟ ಕಾರಣವೇ ಅಲುಗಾಡುತ್ತಿತ್ತು. ಲಿಬ್ಬಿ ಅದಕ್ಕೆ ತಿರುಗೇಟು ಕೊಡಲು ಬಂದಿದ್ದರು, ರಹಸ್ಯ ಗುಪ್ತಚರ ವರದಿಯೊಂದರ ಅಂಶಗಳನ್ನು ಹಿಡಿದುಕೊಂಡು.

ಮಿಲ್ಲರ್ ಆಮೇಲೆ ಹೇಳಿದ ಒಂದು ವಿಷಯ ನನಗೆ ಮರೆಯಲು ಆಗಿಲ್ಲ. ನನ್ನನ್ನು 'ಆಡಳಿತದ ಹಿರಿಯ ಅಧಿಕಾರಿ' ಅಂತ ಬರೆಯಬೇಡಿ, 'ಸಂಸತ್ತಿನಲ್ಲಿ ಹಿಂದೆ ಸಿಬ್ಬಂದಿಯಾಗಿದ್ದವರು' ಅಂತ ಬರೆಯಿರಿ ಎಂದು ಲಿಬ್ಬಿ ಕೇಳಿದ್ದರಂತೆ. ಸುಳ್ಳೇನಲ್ಲ, ಒಂದು ಕಾಲದಲ್ಲಿ ಅವರು ಅಲ್ಲಿ ಇದ್ದರು. ಆದರೆ ಓದುವವರಿಗೆ ಈ ಮಾತು ಉಪಾಧ್ಯಕ್ಷರ ಕಚೇರಿಯಿಂದ ಬಂತು ಅಂತ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಇದು ಅಪರಾಧವೇ? ಲಿಬ್ಬಿ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಬೇಕೇ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಹೇಳಿದ್ದು ಇಷ್ಟು: ವರದಿಯ ಆ ಭಾಗ ಹೊರಗೆ ಹೇಳಲು ಅಧ್ಯಕ್ಷ ಬುಷ್ ಒಪ್ಪಿದ್ದಾರೆ ಅಂತ ಚೇನಿ ನನಗೆ ಹೇಳಿದರು. ಹಾಗಿದ್ದರೆ ಕೇಸು ಅಲ್ಲಿಗೇ ಮುಗಿಯಿತು. ಅಮೆರಿಕದಲ್ಲಿ ಯಾವ ಕಾಗದಕ್ಕೆ 'ರಹಸ್ಯ' ಮುದ್ರೆ ಹಾಕಬೇಕು, ಯಾವಾಗ ತೆಗೆಯಬೇಕು ಅನ್ನುವ ನಿಯಮ ಬಹುಪಾಲು ಬರುವುದೇ ಅಧ್ಯಕ್ಷರ ಆದೇಶದಿಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತೀವಲ್ಲ, ಇಲ್ಲಿ ಆ ಗಾದೆಯೂ ಸಾಲದು. ಎಲ್ಲಿಯವರೆಗೆ ಹೊಲ ಅಂತ ಹೇಳುವುದೇ ಬೇಲಿ. ಆ ತಿಂಡಿಯಾದ ಹತ್ತು ದಿನಕ್ಕೆ, ಜುಲೈ 18ರಂದು, ಸರ್ಕಾರ ಆ ವರದಿಯ ಭಾಗಗಳನ್ನು ಅಧಿಕೃತವಾಗಿಯೇ ಬಿಡುಗಡೆ ಮಾಡಿತು.

ಅದರ ನಡುವೆ ಇನ್ನೊಂದು ಗುಟ್ಟು ಹೊರಬಿತ್ತು. ವಿಲ್ಸನ್ ಅವರ ಹೆಂಡತಿ ವ್ಯಾಲರಿ ಪ್ಲೇಮ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯವರು ಅಂತ ಜುಲೈ 14ರಂದು ರಾಬರ್ಟ್ ನೋವಾಕ್ ಅವರ ಅಂಕಣದಲ್ಲಿ ಬಂತು. ಈ ಹೆಸರು ಹೊರಗೆ ಹೇಳಿ ಅಂತ ಬುಷ್ ಹೇಳಿದ್ದರು ಎಂದು ಯಾರೂ ತೋರಿಸಿಲ್ಲ. ನೋವಾಕ್‌ಗೆ ಮೊದಲು ಹೇಳಿದ್ದು ವಿದೇಶಾಂಗ ಇಲಾಖೆಯ ಎರಡನೇ ಸ್ಥಾನದಲ್ಲಿದ್ದ ರಿಚರ್ಡ್ ಆರ್ಮಿಟೇಜ್. ಹೌದು ಅಂದಿದ್ದು ಬುಷ್ ಅವರ ಸಲಹೆಗಾರ ಕಾರ್ಲ್ ರೋವ್. ಗುಪ್ತಚರರ ಹೆಸರು ಬಯಲು ಮಾಡಿದವರನ್ನು ಹಿಡಿಯಲು 1982ರ ಕಾನೂನೊಂದು ಇದೆ. ಆದರೆ ಆ ವ್ಯಕ್ತಿಯನ್ನು ಸರ್ಕಾರ ಮುಚ್ಚಿಡುತ್ತಿದೆ ಅಂತ ಗೊತ್ತಿದ್ದೂ ಹೇಳಿದರು ಎಂದು ಸಾಬೀತಾಗಬೇಕು. 'ಬಾಯ್ತಪ್ಪಿ ಬಂತು' ಅಂದುಬಿಟ್ಟರೆ ಕಷ್ಟ.

ಕೊನೆಗೆ ಸೋರಿಕೆಗೆ ಅಂತ ಯಾರ ಮೇಲೂ ಆರೋಪ ಬರಲಿಲ್ಲ. ಲಿಬ್ಬಿ ಸಿಕ್ಕಿಬಿದ್ದದ್ದು ಆ ಸೋರಿಕೆಯ ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ. 2007ರಲ್ಲಿ 30 ತಿಂಗಳ ಶಿಕ್ಷೆ ಆಯಿತು. ಜೈಲಿನ ಬಾಗಿಲು ನೋಡುವ ಮುಂಚೆಯೇ ಬುಷ್ ಆ ಜೈಲುವಾಸ ರದ್ದು ಮಾಡಿದರು. 2018ರಲ್ಲಿ ಟ್ರಂಪ್ ಪೂರ್ತಿ ಕ್ಷಮೆ ಕೊಟ್ಟರು. ಈ ಪ್ರಕರಣದಲ್ಲಿ ನಿಜವಾಗಿ ಜೈಲಿನಲ್ಲಿ ಕಳೆದವರು ಮಿಲ್ಲರ್, 85 ದಿನ. ಸುದ್ದಿ ಕೊಟ್ಟವರ ಹೆಸರು ಹೇಳಲಿಲ್ಲ ಅಂತ!

ಇನ್ನೊಂದು ತೊಡಕೂ ಇದೆ. ಇಂಥ ಕೇಸು ನಡೆಸುವುದು ಸರ್ಕಾರಕ್ಕೆ ಬಿಸಿ ತುಪ್ಪ. ನನ್ನ ವಾದಕ್ಕೆ ಇನ್ನಷ್ಟು ರಹಸ್ಯ ಕಡತ ಬೇಕು ಅಂತ ಆರೋಪಿ ಕೇಳಬಹುದು. ಲಿಬ್ಬಿ ವಕೀಲರು ಅಧ್ಯಕ್ಷರಿಗೆ ದಿನವೂ ಹೋಗುವ ಗುಪ್ತಚರ ವರದಿಗಳನ್ನೇ ಕೇಳಿದ್ದರು.

ಶಿಕ್ಷೆಯಲ್ಲಿ ತಾರತಮ್ಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಇದೆ. ಜನರಲ್ ಡೇವಿಡ್ ಪೆಟ್ರೇಯಸ್ ರಹಸ್ಯ ತುಂಬಿದ ಎಂಟು ನೋಟ್‌ಬುಕ್‌ಗಳನ್ನು ತಮ್ಮ ಜೀವನಚರಿತ್ರೆ ಬರೆಯುತ್ತಿದ್ದ, ತಮ್ಮ ಗೆಳತಿಯೂ ಆಗಿದ್ದ ಲೇಖಕಿಗೆ ಕೊಟ್ಟರು. ತನಿಖೆಯವರಿಗೆ ಇಲ್ಲ ಅಂದರು. 2015ರಲ್ಲಿ ಸಿಕ್ಕಿದ್ದು ಎರಡು ವರ್ಷದ ಪ್ರೊಬೇಷನ್ (ಜೈಲಿನ ಬದಲು ಹೊರಗೆ ನಿಗಾದಲ್ಲಿ ಇರುವುದು), ಒಂದು ಲಕ್ಷ ಡಾಲರ್ ದಂಡ. ಗುತ್ತಿಗೆ ನೌಕರಿಯಲ್ಲಿದ್ದ ರಿಯಾಲಿಟಿ ವಿನ್ನರ್ ಎಂಬ ಹೆಸರಿನ ಮಹಿಳೆ ಒಂದೇ ಒಂದು ರಹಸ್ಯ ವರದಿ ಪ್ರಿಂಟ್ ತೆಗೆದು ಪತ್ರಕರ್ತರಿಗೆ ಕಳಿಸಿದರು. 2018ರಲ್ಲಿ 63 ತಿಂಗಳ ಜೈಲು.

ಹಾಗಾದರೆ ಮೇಲಿನವರಿಗೆ ಉಳಿಯುವುದು ಒಂದೇ ಭಯ, ಕುರ್ಚಿ ಹೋಗುವುದು. ಆ ಕುರ್ಚಿಯೂ ನಾಯಕರ ಕೈಯಲ್ಲಿ. ಪ್ಲೇಮ್ ವಿಷಯದಲ್ಲಿ ಕೈವಾಡ ಇದ್ದವರು ಯಾರೂ ಆಡಳಿತದಲ್ಲಿ ಇರುವುದಿಲ್ಲ ಅಂತ 2003ರಲ್ಲಿ ಶ್ವೇತಭವನದ ವಕ್ತಾರರು ಹೇಳಿದ್ದರು. ರೋವ್ ಹೆಸರು ಹೊರಗೆ ಬಂದ ಮೇಲೆ, 2005ರಲ್ಲಿ, ಬುಷ್ ಹೇಳಿದ್ದು 'ಅಪರಾಧ ಮಾಡಿದ್ದರೆ' ಅಂತ. ಸದ್ದಿಲ್ಲದೆ ಗೆರೆ ಆಚೆ ಸರಿಯಿತು.

2025ರ ಮಾರ್ಚ್‌ನಲ್ಲೂ ಇದೇ ಆಟ. ಯೆಮನ್ ಮೇಲಿನ ದಾಳಿಗೆ ಯುದ್ಧವಿಮಾನಗಳು ಹೊರಡುವ ಅರ್ಧ ಗಂಟೆ ಮುಂಚೆ ಅಮೆರಿಕದ ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ನ ಗುಂಪಿನಲ್ಲಿ '12:15ಕ್ಕೆ ಎಫ್-18 ಹೊರಡುತ್ತವೆ' ಅಂತ ವೇಳಾಪಟ್ಟಿಯನ್ನೇ ಹಾಕಿದರು. ಗುಂಪಿನಲ್ಲಿ ಒಬ್ಬ ಪತ್ರಿಕಾ ಸಂಪಾದಕರೂ ಇದ್ದರು. ಯಾರೋ ತಪ್ಪಿ ಸೇರಿಸಿದ್ದರು. ಇಲಾಖೆಯ ಒಳತನಿಖೆ ನೋಡುವ ಇನ್‌ಸ್ಪೆಕ್ಟರ್ ಜನರಲ್ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು: ನಿಯಮ ಮುರಿದಿದ್ದಾರೆ, ಸೈನಿಕರಿಗೆ ಅಪಾಯ ಆಗಬಹುದಿತ್ತು. ಆದರೆ ರಹಸ್ಯದ ಮುದ್ರೆ ತೆಗೆಯುವ ಅಧಿಕಾರ ಹೆಗ್ಸೆತ್ ಅವರಿಗೇ ಇತ್ತು.

ಬ್ರಿಟನ್‌ನಲ್ಲಿ ಕುರ್ಚಿ ಬೇಗ ಹೋಗುತ್ತದೆ. 2009ರ ಏಪ್ರಿಲ್ 8ರಂದು ಲಂಡನ್ ಪೊಲೀಸ್ ಹಿರಿಯ ಅಧಿಕಾರಿ ಬಾಬ್ ಕ್ವಿಕ್ ಪ್ರಧಾನಿ ಮನೆಗೆ ಬರುವಾಗ ಕೈಯಲ್ಲಿದ್ದ ಹಾಳೆಗೆ ಫೈಲಿನ ಮರೆ ಇರಲಿಲ್ಲ. ಕ್ಯಾಮೆರಾಗಳು ಅಲ್ಲಿದ್ದ 'ರಹಸ್ಯ' ಪದವನ್ನೂ ಭಯೋತ್ಪಾದಕರ ಬಂಧನದ ಯೋಜನೆಯನ್ನೂ ಹಿಡಿದವು. ದಾಳಿಯನ್ನು ಗಡಿಬಿಡಿಯಲ್ಲಿ ಅದೇ ದಿನ ಮಾಡಬೇಕಾಯಿತು. ಮರುದಿನವೇ ಕ್ವಿಕ್ ರಾಜೀನಾಮೆ ಕೊಟ್ಟರು.

ರಾಜಕಾರಣಿಗಳ ಕಥೆ ಬೇರೆ. ಚೀನಾದ ಟೆಲಿಕಾಂ ಕಂಪನಿ ಹುವಾವೇ ಬಗ್ಗೆ ಬ್ರಿಟನ್‌ನ ರಾಷ್ಟ್ರೀಯ ಭದ್ರತಾ ಮಂಡಳಿಯಲ್ಲಿ ಆಡಿದ ಮಾತು ಸೋರಿತು ಅಂತ 2019ರ ಮೇ 1ರಂದು ರಕ್ಷಣಾ ಸಚಿವ ಗ್ಯಾವಿನ್ ವಿಲಿಯಮ್ಸನ್ ಅವರನ್ನು ಪ್ರಧಾನಿ ಥೆರೆಸಾ ಮೇ ತೆಗೆದುಹಾಕಿದರು. ಅವರು ತಪ್ಪು ಒಪ್ಪಲಿಲ್ಲ. ಪ್ರಧಾನಿ ಬದಲಾದರು, ಜುಲೈನಲ್ಲಿ ವಿಲಿಯಮ್ಸನ್ ಶಿಕ್ಷಣ ಸಚಿವ. 2022ರ ಅಕ್ಟೋಬರ್ 19ರಂದು ಸರ್ಕಾರಿ ದಾಖಲೆಯನ್ನು ಸ್ವಂತ ಇಮೇಲ್‌ನಿಂದ ಕಳಿಸಿದ್ದಕ್ಕೆ ಗೃಹ ಸಚಿವೆ ಸುಯೆಲ್ಲಾ ಬ್ರಾವರ್‌ಮನ್ ರಾಜೀನಾಮೆ ಕೊಟ್ಟರು. ಮತ್ತೆ ಪ್ರಧಾನಿ ಬದಲಾದರು. ಆರನೇ ದಿನ ಬ್ರಾವರ್‌ಮನ್ ಅದೇ ಕುರ್ಚಿಗೆ ವಾಪಸ್ ಬಂದು ಕೂತರು.