ಫೂಟಿ ಎಲ್ಲಿ ಹುಟ್ಟಿತು? ಟಾಮ್ ವಿಲ್ಸ್ ಸುತ್ತ ಮುಗಿಯದ ಜಗಳ

ಡಿಸೆಂಬರ್ 26ರ ನಸುಕಿನಲ್ಲಿ ಎದ್ದು, ಕಾಫಿ ಲೋಟ ಹಿಡಿದು ಮೆಲ್ಬರ್ನ್ ಟೆಸ್ಟ್ ನೋಡುವ ನಮಗೆ ಎಂಸಿಜಿ ಮೈದಾನ ಹೊಸದೇನಲ್ಲ. ಅದರ ಹೊರಗೊಂದು ಕಂಚಿನ ಪ್ರತಿಮೆ ಇದೆ. ಇಬ್ಬರು ಹುಡುಗರು ಚೆಂಡಿಗಾಗಿ ಗುದ್ದಾಡುತ್ತಿದ್ದಾರೆ, ಪಕ್ಕದಲ್ಲಿ ಅಂಪೈರ್ ನಿಂತಿದ್ದಾನೆ. ಅವನೇ ಟಾಮ್ ವಿಲ್ಸ್. ಆಸ್ಟ್ರೇಲಿಯನ್ನರು ಪ್ರೀತಿಯಿಂದ 'ಫೂಟಿ' ಎನ್ನುವ, ಚೆಂಡನ್ನು ಒದ್ದೂ ಕೈಯಲ್ಲಿ ಹಿಡಿದೂ ಆಡುವ ತಮ್ಮದೇ ಫುಟ್‌ಬಾಲ್ ಆಟಕ್ಕೆ ಮೊದಲ ನಿಯಮ ಬರೆದವರಲ್ಲಿ ಒಬ್ಬ. ಅವನು ಸತ್ತು ಸುಮಾರು ಒಂದೂವರೆ ಶತಮಾನವಾಯಿತು. ಆ ಆಟದ ಬೇರು ಎಲ್ಲಿದೆ ಎಂಬ ಜಗಳ ಮಾತ್ರ ಇನ್ನೂ ಹಾಗೇ ಇದೆ.

ವಿಲ್ಸ್ ಹುಟ್ಟಿದ್ದು 1835ರಲ್ಲಿ. ಅಪ್ಪ ಹೊರೇಶಿಯೋ ಕುರಿ ಸಾಕಣೆಯ ದೊಡ್ಡ ಕುಳ. ಈಗಿನ ವಿಕ್ಟೋರಿಯಾದ ಪಶ್ಚಿಮಕ್ಕೆ, ಗ್ರಾಂಪಿಯನ್ಸ್ ಬೆಟ್ಟಗಳ ಹತ್ತಿರ, ಮಂದೆ ಹೊಡೆದುಕೊಂಡು ಬಂದು ನೆಲೆಯೂರಿದ. ಅದು ಜಾಬ್ ವುರುಂಗ್ ಎಂಬ ಮೂಲನಿವಾಸಿಗಳ ನೆಲ. ಟಾಮ್‌ಗೆ ಆಡಲು ಸಿಕ್ಕಿದ್ದು ಅವರ ಮಕ್ಕಳೇ. ಅವರ ಭಾಷೆ ಕಲಿತ, ಹಾಡು ಕಲಿತ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ಅವನನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳಿಸಿದ.

1856ರ ಕೊನೆಗೆ ಮರಳಿದಾಗ ಅವನು ವಸಾಹತಿನಲ್ಲೇ ಹೆಸರುವಾಸಿ ಕ್ರಿಕೆಟಿಗ. 1858ರ ಜುಲೈನಲ್ಲಿ ಪತ್ರಿಕೆಗೊಂದು ಪತ್ರ ಬರೆದ: ಚಳಿಗಾಲದಲ್ಲಿ ಸುಮ್ನೆ ಕೂತು ಮೈ ಜಡವಾಗುವುದು ಬೇಡ, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ, ನಿಯಮ ಮಾಡೋಣ. ಆಗಸ್ಟ್ 7ರಂದು ಎರಡು ಶಾಲೆಗಳ ಹುಡುಗರು, ತಂಡಕ್ಕೆ 40 ಜನರಂತೆ, ಈಗಿನ ಎಂಸಿಜಿ ಪಕ್ಕದ ಬಯಲಲ್ಲಿ ಆಡಿದರು. ಒಂದು ದಿನಕ್ಕೆ ಮುಗಿಯಲಿಲ್ಲ. ಮತ್ತೆರಡು ದಿನ ಆಡಿದರೂ ತಲಾ ಒಂದು ಗೋಲು, ಡ್ರಾ. ಪ್ರತಿಮೆಯಲ್ಲಿರುವುದು ಇದೇ ಪಂದ್ಯ.

1859ರ ಮೇ 17ರಂದು ವಿಲ್ಸ್ ಮತ್ತು ಗೆಳೆಯರು ಹೋಟೆಲೊಂದರಲ್ಲಿ ಕೂತು ಹತ್ತು ನಿಯಮ ಬರೆದರು. ಇವತ್ತು ನಾವು ಫುಟ್‌ಬಾಲ್ ಎನ್ನುವ ಆಟಕ್ಕೆ (ಸಾಕರ್) ನಿಯಮ ಬರೆದ ಫುಟ್‌ಬಾಲ್ ಅಸೋಸಿಯೇಷನ್ ಲಂಡನ್ನಿನಲ್ಲಿ ಹುಟ್ಟಲು ಇನ್ನೂ ನಾಲ್ಕು ವರ್ಷವಿತ್ತು! ಆ ನಿಯಮಗಳನ್ನು ಓದಿದರೆ ಅವರ ತಲೆಯಲ್ಲಿ ಏನಿತ್ತೆಂದು ಕಾಣುತ್ತದೆ. ಎದುರಾಳಿಯನ್ನು ತಳ್ಳಬಹುದು, ಕಾಲು ಕೊಟ್ಟು ಬೀಳಿಸಬಹುದು. ಆದರೆ ರಗ್ಬಿಯಲ್ಲಿ ಅವನ ಮೊಣಕಾಲ ಕೆಳಗೆ ಒದೆಯಬಹುದಿತ್ತು, ಇಲ್ಲಿ ಅದು ಕೂಡದು. ಒದ್ದ ಚೆಂಡನ್ನು ಗಾಳಿಯಲ್ಲಿ ಹಿಡಿದವನಿಗೆ ಫ್ರೀ ಕಿಕ್, ಅಂದರೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಚೆಂಡಿಗಿಂತ ಮುಂದೆ ನಿಂತು ಆಡಬಾರದೆನ್ನುವ ಆಫ್‌ಸೈಡ್ ಎಂಬುದೇ ಇಲ್ಲ. ನೆಲ ಗಟ್ಟಿ, ಆಡುವವರು ದುಡಿಯುವ ಗಂಡಸರು, ಅದಕ್ಕೆ ತಕ್ಕ ಆಟ.

ಜಗಳ ಇಲ್ಲಿಂದಲೇ ಶುರು. ಪಶ್ಚಿಮ ವಿಕ್ಟೋರಿಯಾದ ಮೂಲನಿವಾಸಿಗಳು ಮಾರ್ನ್‌ಗ್ರೂಕ್ ಎಂಬ ಆಟ ಆಡುತ್ತಿದ್ದರು. ಪಾಸಮ್ ಎಂಬ ಪ್ರಾಣಿಯ ಚರ್ಮದ ಚೆಂಡನ್ನು ಎತ್ತರಕ್ಕೆ ಒದ್ದು, ಹಾರಿ ಹಿಡಿಯುವ ಆಟ. ಇವತ್ತಿನ ಫೂಟಿಯ ಜೀವವೇ ಆ ಹಾರಿ ಹಿಡಿಯುವುದು, ಅಲ್ವಾ? ವಿಲ್ಸ್ ಬಾಲ್ಯದಲ್ಲಿ ಇದನ್ನು ನೋಡಿ ಕಲಿತನೆಂದು ಒಂದು ಗುಂಪು ಹೇಳುತ್ತದೆ. ಅವನ ಬರಹದಲ್ಲಿ ಈ ಆಟದ ಹೆಸರೇ ಇಲ್ಲ ಎಂದು ಇನ್ನೊಂದು. ನನಗೆ ಎರಡನೆಯವರ ಮಾತು ದಾಖಲೆಯ ಮಟ್ಟಿಗೆ ಸರಿ ಎನಿಸುತ್ತದೆ. ಆದರೆ ಆ ಕಾಲದಲ್ಲಿ ಪೆನ್ನು ಯಾರ ಕೈಯಲ್ಲಿತ್ತು ಎಂದೂ ಕೇಳಬೇಕು.

1861ರಲ್ಲಿ ಅಪ್ಪ ಮಗ ಕುರಿಮಂದೆಯೊಂದಿಗೆ ಕ್ವೀನ್ಸ್‌ಲ್ಯಾಂಡಿಗೆ ಹೊರಟರು. ಅಕ್ಟೋಬರ್ 17ರಂದು ಕಲಿನ್ ಲಾ ರಿಂಗೊ ಎಂಬಲ್ಲಿ ಮೂಲನಿವಾಸಿಗಳು ದಾಳಿ ಮಾಡಿ ಹೊರೇಶಿಯೋ ಸೇರಿ 19 ಜನರನ್ನು ಕೊಂದರು. ಸಾಮಾನು ತರಲು ಹೋಗಿದ್ದ ಟಾಮ್ ಉಳಿದ. ಪಕ್ಕದ ಜಮೀನಿನ ಬಿಳಿಯನೊಬ್ಬ ಮೊದಲು ಗುಂಡು ಹಾರಿಸಿದ್ದಕ್ಕೆ ಇದು ಸೇಡು ಎಂದು ಟಾಮ್ ಸ್ವತಃ ನಂಬಿದ್ದ. ಬಿಳಿಯರು ತೀರಿಸಿಕೊಂಡ ಪ್ರತೀಕಾರಕ್ಕೆ ನೂರಾರು ಮೂಲನಿವಾಸಿಗಳು ಬಲಿಯಾದರು. ವಿಲ್ಸ್ ಕೂಡ ಆ ಹತ್ಯೆಗಳಲ್ಲಿ ಕೈ ಸೇರಿಸಿದ್ದ ಎನ್ನುವ 1895ರ ಶಿಕಾಗೊ ಪತ್ರಿಕೆಯ ಬರಹವೊಂದು 2021ರಲ್ಲಿ ಬೆಳಕಿಗೆ ಬಂತು. ಅದನ್ನು ಎಷ್ಟು ನಂಬಬೇಕೆಂಬುದು ಈಗ ಹೊಸ ಜಗಳ.

ಇಷ್ಟೆಲ್ಲ ಆದ ಮೇಲೆ, 1866ರ ಡಿಸೆಂಬರ್ 26ರಂದು, ಇದೇ ವಿಲ್ಸ್ ಮೂಲನಿವಾಸಿಗಳ ಕ್ರಿಕೆಟ್ ತಂಡದ ನಾಯಕನಾಗಿ ಎಂಸಿಜಿಗೆ ಇಳಿದ. ಅವರಿಗೆ ತರಬೇತಿ ಕೊಟ್ಟವನೂ ಅವನೇ. ಸುಮಾರು 10,000 ಜನ ನೋಡಲು ಬಂದಿದ್ದರು. ಅಪ್ಪನನ್ನು ಹಾಗೆ ಕಳೆದುಕೊಂಡವನು ಐದೇ ವರ್ಷಕ್ಕೆ ಈ ಕೆಲಸಕ್ಕೆ ಹೇಗೆ ಬಂದ? ಇದನ್ನು ಓದುವಾಗಲೆಲ್ಲ ನನಗೆ ಮುಂದೆ ಹೋಗಲು ಆಗುವುದಿಲ್ಲ.

ಕೊನೆಯ ವರ್ಷಗಳು ಕುಡಿತ, ಸಾಲ, ಭ್ರಮೆಯಲ್ಲಿ ಕಳೆದವು. 1880ರ ಮೇ 2ರಂದು, 44ನೇ ವಯಸ್ಸಿನಲ್ಲಿ ಅವನು ಪ್ರಾಣ ಕಳೆದುಕೊಂಡ. ಸಮಾಧಿಗೊಂದು ಕಲ್ಲು ನಿಂತದ್ದು 1980ರಲ್ಲಿ.

2008ರಲ್ಲಿ ಆಟಕ್ಕೆ 150 ವರ್ಷ ತುಂಬಿದಾಗ ಮಾರ್ನ್‌ಗ್ರೂಕ್ ನಂಟು ಬರೀ ಕಟ್ಟುಕಥೆ ಎಂದು ಇತಿಹಾಸಕಾರ್ತಿಯೊಬ್ಬರು ಬರೆದರು. ಮೂಲನಿವಾಸಿ ಆಟಗಾರ ಆಡಮ್ ಗುಡ್ಸ್ ಅದನ್ನು ಒಪ್ಪಲಿಲ್ಲ. 2019ರಲ್ಲಿ ಆಟದ ಆಡಳಿತ ಸಂಸ್ಥೆ ಎಎಫ್‌ಎಲ್ ತನ್ನ ಹೇಳಿಕೆಯಲ್ಲಿ ಮಾರ್ನ್‌ಗ್ರೂಕ್ ಹೆಸರನ್ನು ಎತ್ತಿ ಹೇಳಿತು. ಇತಿಹಾಸಕಾರರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ.

1866ರ ಆ ಕ್ರಿಕೆಟ್ ತಂಡದಲ್ಲಿ ಜಾನಿ ಮುಲ್ಲಾ ಎಂಬ ಆಟಗಾರನಿದ್ದ. 2020ರಿಂದ ಡಿಸೆಂಬರ್ 26ರ ಟೆಸ್ಟ್‌ನ ಪಂದ್ಯಶ್ರೇಷ್ಠನಿಗೆ ಅವನ ಹೆಸರಿನ ಪದಕ ಕೊಡುತ್ತಾರೆ. ಮೊದಲು ಪಡೆದವರು ನಮ್ಮ ಅಜಿಂಕ್ಯ ರಹಾನೆ. ಮರುವರ್ಷ ಅದು ಹೋದದ್ದು ಮೂಲನಿವಾಸಿ ಮನೆತನದ ಸ್ಕಾಟ್ ಬೋಲಂಡ್ ಕೊರಳಿಗೆ. ತಮ್ಮ ಮೊದಲ ಟೆಸ್ಟ್‌ನಲ್ಲೇ, ಎರಡನೇ ಇನಿಂಗ್ಸ್‌ನಲ್ಲಿ, ಅವರು ಕೇವಲ 7 ರನ್ ಕೊಟ್ಟು 6 ವಿಕೆಟ್ ಕಿತ್ತಿದ್ದರು.