ಕೋಡ್‌ನಲ್ಲೇ ಕ್ವೆರಿ ಕಟ್ಟಿದರೆ ಫಲಿತಾಂಶ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಪುಸ್ತಕಗಳ ಕ್ಯಾಟಲಾಗ್ ಹುಡುಕಲು ಲೂಸೀನ್ (ಪಠ್ಯ ಹುಡುಕಾಟದ ಜಾವಾ ಲೈಬ್ರರಿ) ಬಳಸುತ್ತಿದ್ದೇನೆ. ಇಷ್ಟು ದಿನ ಕ್ವೆರಿಯನ್ನು, ಅಂದರೆ ಹುಡುಕಾಟದ ಕೋರಿಕೆಯನ್ನು, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಜೋಡಿಸಿ, ಅದನ್ನು ಓದಿ ಬಿಡಿಸುವ ಕ್ವೆರಿಪಾರ್ಸರ್‌ಗೆ ಕೊಡುತ್ತಿದ್ದೆ. ಈಗ ಅದನ್ನು ಬಿಟ್ಟು ಕೋಡ್‌ನಲ್ಲೇ ಟರ್ಮ್‌ಕ್ವೆರಿ (ಒಂದೇ ಪದವನ್ನು ಹುಡುಕುವ ಕ್ವೆರಿ) ಕಟ್ಟಿದ್ದೇನೆ. ಅದೇ ಪದ, ಅದೇ ಫೀಲ್ಡ್ (ಶೀರ್ಷಿಕೆ, ಭಾಷೆಯಂಥ ವಿವರ). ಆದರೂ ಒಂದು ಫಲಿತಾಂಶವೂ ಬರುತ್ತಿಲ್ಲ. ವಾಪಸ್ ಪಾರ್ಸರ್‌ಗೇ ಹೋಗಲಾ?

ಉತ್ತರ: ಹೋಗಬೇಡಿ. ನೀವು ಹಿಡಿದ ದಾರಿ ಸರಿಯಾಗಿದೆ, ಮಧ್ಯದಲ್ಲಿ ಒಂದು ಕೆಲಸ ಮಾತ್ರ ಬಿಟ್ಟುಹೋಗಿದೆ. ಪಾರ್ಸರ್ ನಿಮಗೆ ಗೊತ್ತಾಗದ ಹಾಗೆ ಆ ಪದವನ್ನು ಅನಲೈಸರ್ (ಪಠ್ಯವನ್ನು ಪದಗಳಾಗಿ ಒಡೆದು ಒಂದೇ ರೂಪಕ್ಕೆ ತರುವ ಭಾಗ) ಮೂಲಕ ಹಾಯಿಸುತ್ತಿತ್ತು. ಟರ್ಮ್‌ಕ್ವೆರಿ ಅದನ್ನು ಮಾಡುವುದಿಲ್ಲ. ನೀವು ಕೊಟ್ಟ ಅಕ್ಷರಗಳನ್ನು ಹಾಗೇ ತೆಗೆದುಕೊಂಡು, ಇಂಡೆಕ್ಸ್‌ನಲ್ಲಿ (ಹುಡುಕಲು ಮೊದಲೇ ಮಾಡಿಟ್ಟ ಪದಗಳ ಸೂಚಿಯಲ್ಲಿ) ಅದೇ ರೂಪದ ಪದ ಇದೆಯಾ ಅಂತ ನೋಡುತ್ತದೆ, ಅಷ್ಟೇ.

ಇಂಡೆಕ್ಸ್ ಮಾಡುವಾಗ ಏನಾಗುತ್ತದೆ ಅಂತ ನೋಡಿ. ಶೀರ್ಷಿಕೆಯನ್ನು ಟೆಕ್ಸ್ಟ್‌ಫೀಲ್ಡ್ ಆಗಿ ಸೇರಿಸಿದರೆ ಅನಲೈಸರ್ ಅದನ್ನು ತುಂಡು ಮಾಡುತ್ತದೆ. ಸ್ಟ್ಯಾಂಡರ್ಡ್‌ಅನಲೈಸರ್ ಆದರೆ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಣ್ಣಕ್ಷರ ಮಾಡುತ್ತದೆ, ಹೆಚ್ಚಿನ ಚಿಹ್ನೆಗಳನ್ನು ಬಿಟ್ಟುಬಿಡುತ್ತದೆ. ದೊಡ್ಡ 'ಜೆ' ಹಾಕಿ ಬರೆದ 'ಜಾವಾ' ಇಂಡೆಕ್ಸ್‌ನಲ್ಲಿ ಸಣ್ಣಕ್ಷರದಲ್ಲೇ ಇರುತ್ತದೆ. 'ಸಿ++' ಅನ್ನುವುದು ಬರೀ 'ಸಿ' ಆಗಿ ಉಳಿಯುತ್ತದೆ. ನೀವು ಟರ್ಮ್‌ಕ್ವೆರಿಗೆ ದೊಡ್ಡಕ್ಷರದ ಪದ ಅಥವಾ ಪ್ಲಸ್ ಚಿಹ್ನೆ ಸಮೇತ ಪದ ಕೊಟ್ಟರೆ ಅಂಥ ಪದವೇ ಇಂಡೆಕ್ಸ್‌ನಲ್ಲಿ ಇಲ್ಲ. ಎರರ್ ಬರುವುದಿಲ್ಲ, ಸುಮ್ನೆ ಸೊನ್ನೆ ಫಲಿತಾಂಶ. ನಿಮಗೆ ಆಗಿರುವುದೂ ಬಹುಪಾಲು ಇದೇ.

ಹಾಗಿದ್ದ ಮೇಲೆ ಪಾರ್ಸರೇ ಒಳ್ಳೆಯದಲ್ವಾ ಅನ್ನಿಸಬಹುದು. ಅಲ್ಲ. ಪಾರ್ಸರ್ ಇರುವುದು ಮನುಷ್ಯರು ಟೈಪ್ ಮಾಡಿದ್ದನ್ನು ಓದುವುದಕ್ಕೆ. ಪ್ರೋಗ್ರಾಂ ಹುಟ್ಟಿಸಿದ ಸ್ಟ್ರಿಂಗ್‌ಗೆ ಅದು ಅಲ್ಲ ಅಂತ ಲೂಸೀನ್‌ನ ದಾಖಲೆಯೇ ಹೇಳುತ್ತದೆ. ನಿಮ್ಮ ಪ್ರೋಗ್ರಾಂಗೆ ಯಾವ ಫೀಲ್ಡ್, ಯಾವ ಮೌಲ್ಯ, ಯಾವ ಷರತ್ತು ಅನ್ನುವುದು ಮೊದಲೇ ಗೊತ್ತಿದೆ. ಅದನ್ನು ವಾಕ್ಯ ಮಾಡಿ ಬರೆದು, ಮತ್ತೆ ಅದೇ ವಾಕ್ಯವನ್ನು ಇನ್ನೊಬ್ಬರ ಕೈಲಿ ಬಿಡಿಸುವುದು ಯಾಕೆ? ಗೊತ್ತಿದ್ದ ವಿಷಯ ಆ ಓಡಾಟದಲ್ಲಿ ಬೇರೆಯೇ ಆಗಿಬಿಡುತ್ತದೆ.

ಹೇಗೆ ಅಂತ ಹೇಳುತ್ತೇನೆ. ಒಬ್ಬರು 'ಜಾವಾ: ಒಂದು ಪರಿಚಯ' ಅಂತ ಶೀರ್ಷಿಕೆ ಹಾಕಿ ಹುಡುಕುತ್ತಾರೆ. ಕೋಲನ್ ಕಂಡ ಪಾರ್ಸರ್ 'ಜಾವಾ' ಅನ್ನುವುದನ್ನು ಫೀಲ್ಡ್ ಹೆಸರು ಅಂತ ತಿಳಿಯುತ್ತದೆ. ಅಂಥ ಫೀಲ್ಡ್ ಇಲ್ಲ ಅಂತ ತಕರಾರನ್ನೂ ಮಾಡುವುದಿಲ್ಲ. ಮುಚ್ಚದ ಒಂದು ಕಂಸ ಇದ್ದರೆ ಪಾರ್ಸ್‌ಎಕ್ಸೆಪ್ಷನ್ ಅನ್ನುವ ಎರರ್. ವಿಶೇಷ ಚಿಹ್ನೆಗಳನ್ನು ಮಾಮೂಲಿ ಅಕ್ಷರದಂತೆ ಓದಿಸಲು ಎಸ್ಕೇಪ್ ಅನ್ನುವ ಮೆಥಡ್ ಇದೆ, ನಿಜ. ಆದರೆ ಅದು ಚಿಹ್ನೆಗಳನ್ನು ಮಾತ್ರ ನೋಡಿಕೊಳ್ಳುತ್ತದೆ. ಪಾರ್ಸರ್ ಷರತ್ತುಗಳನ್ನು ಜೋಡಿಸುವ ಆಜ್ಞೆ ಅಂತ ಓದುವ ದೊಡ್ಡಕ್ಷರದ 'ಆ್ಯಂಡ್' (AND), 'ಆರ್' (OR), 'ನಾಟ್' (NOT) ಪದಗಳನ್ನು ಹಾಗೇ ಬಿಡುತ್ತದೆ. ಅಮೆರಿಕದ ಒರೆಗಾನ್ ರಾಜ್ಯದ ಎರಡಕ್ಷರದ ಅಂಚೆ ಸಂಕೇತ ಈ 'ಆರ್' ಪದದ ಎರಡು ಅಕ್ಷರಗಳೇ. ಪೋರ್ಟ್‌ಲ್ಯಾಂಡ್ ಹೆಸರಿನ ಮುಂದೆ ಆ ಸಂಕೇತ ಬರೆದು ಹುಡುಕಿದರೆ, ಮುಂದಿನ ಪದ ಎಲ್ಲಿ ಅಂತ ಪಾರ್ಸರ್ ಎಡವಿ ಬೀಳುತ್ತದೆ. ಬಳಕೆದಾರರು ತಪ್ಪೇನೂ ಮಾಡಿಲ್ಲ!

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಪಾರ್ಸರ್‌ನಲ್ಲಿ ಯಾರು ಬೇಕಾದರೂ ಯಾವ ಫೀಲ್ಡ್ ಹೆಸರನ್ನಾದರೂ ಬರೆಯಬಹುದು. ಒಳಗಿನ ಕೆಲಸಕ್ಕೆ ಅಂತ ಇಂಡೆಕ್ಸ್ ಮಾಡಿದ ಫೀಲ್ಡ್‌ಗಳಿದ್ದರೆ ಹೊರಗಿನವರು ಅದರಲ್ಲೂ ಹುಡುಕಿ ನೋಡಬಹುದು. ಕ್ವೆರಿಯನ್ನು ಕೋಡ್‌ನಲ್ಲಿ ಕಟ್ಟಿದಾಗ ಫೀಲ್ಡ್ ಯಾವುದು ಅಂತ ತೀರ್ಮಾನಿಸುವವರು ನೀವು, ಟೈಪ್ ಮಾಡುವವರಲ್ಲ.

ಸರಿ, ಈಗ ಕಟ್ಟುವುದು ಹೇಗೆ? ಫೀಲ್ಡ್ ಹೇಗೆ ಇಂಡೆಕ್ಸ್ ಆಗಿದೆ ಅನ್ನುವುದನ್ನು ಮೊದಲು ನೋಡಿ. ಪುಸ್ತಕದ ಕೋಡ್, ವಿಭಾಗ, ಭಾಷೆ ಇಂಥವನ್ನು ಸ್ಟ್ರಿಂಗ್‌ಫೀಲ್ಡ್ ಆಗಿ ಹಾಕಿದ್ದರೆ ಅವು ತುಂಡಾಗದೆ ಇಡಿಯಾಗಿ ಇರುತ್ತವೆ. ಅಲ್ಲಿ ಟರ್ಮ್‌ಕ್ವೆರಿಯೇ ಸರಿ. 'ಎಬಿ-1204' ಅನ್ನುವ ಕೋಡ್ ಅನ್ನು ಪಾರ್ಸರ್‌ಗೆ ಕೊಟ್ಟು ನೋಡಿ, ಸ್ಟ್ಯಾಂಡರ್ಡ್‌ಅನಲೈಸರ್ ಅದನ್ನು 'ಎಬಿ' ಮತ್ತು '1204' ಅಂತ ಎರಡು ಮಾಡುತ್ತದೆ. ಇಡಿಯಾಗಿ ಕೂತಿರುವ ಪದಕ್ಕೆ ಅವೆರಡೂ ಹೊಂದುವುದಿಲ್ಲ. ನಿಮಗೆ ಆಗಿರುವ ತೊಂದರೆಯ ಉಲ್ಟಾ ಇದು.

ಶೀರ್ಷಿಕೆ, ವಿವರಣೆಯಂಥ ಟೆಕ್ಸ್ಟ್‌ಫೀಲ್ಡ್‌ಗಳಿಗೆ ಲೂಸೀನ್‌ನಲ್ಲೇ ಕ್ವೆರಿಬಿಲ್ಡರ್ ಅನ್ನುವ ಕ್ಲಾಸ್ ಇದೆ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಇಂಡೆಕ್ಸ್ ಮಾಡಲು ಬಳಸಿದ ಅನಲೈಸರ್ ಅನ್ನೇ ಇದಕ್ಕೂ ಕೊಡಿ. ಆಮೇಲೆ ಕ್ರಿಯೇಟ್‌ಬೂಲಿಯನ್‌ಕ್ವೆರಿ ಮೆಥಡ್‌ಗೆ ಫೀಲ್ಡ್ ಹೆಸರು ಮತ್ತು ಬಳಕೆದಾರರ ಪಠ್ಯ ಕೊಡಿ. ಪಠ್ಯ ಅನಲೈಸರ್ ಮೂಲಕ ಹಾದು ಸರಿಯಾದ ಕ್ವೆರಿ ಆಗಿ ಬರುತ್ತದೆ. ಕೋಲನ್, ಕಂಸ, ದೊಡ್ಡಕ್ಷರದ 'ಆರ್' ಯಾವುದಕ್ಕೂ ವಿಶೇಷ ಅರ್ಥ ಇರುವುದಿಲ್ಲ. ಪದಗಳು ಅಕ್ಕಪಕ್ಕದಲ್ಲೇ ಇರಬೇಕು ಅಂದರೆ ಕ್ರಿಯೇಟ್‌ಫ್ರೇಸ್‌ಕ್ವೆರಿ ಇದೆ. ಒಂದೇ ಎಚ್ಚರ: ಪಠ್ಯದಲ್ಲಿ ಬರೀ ಚಿಹ್ನೆಗಳೇ ಇದ್ದು ಅನಲೈಸರ್‌ನಿಂದ ಒಂದು ಪದವೂ ಹೊರಬರದಿದ್ದರೆ ಈ ಮೆಥಡ್‌ಗಳು ಕ್ವೆರಿಯ ಬದಲು ನಲ್ (ಏನೂ ಇಲ್ಲ) ಕೊಡುತ್ತವೆ. ಅದನ್ನು ಮೊದಲೇ ನೋಡಿಕೊಳ್ಳಿ.

ಪದದ ಮೊದಲ ಭಾಗದಿಂದ, ನಡುವೆ ಖಾಲಿ ಬಿಟ್ಟು, ಅಥವಾ ಹತ್ತಿರದ ಕಾಗುಣಿತದಿಂದ ಹುಡುಕುವ ಪ್ರಿಫಿಕ್ಸ್‌ಕ್ವೆರಿ, ವೈಲ್ಡ್‌ಕಾರ್ಡ್‌ಕ್ವೆರಿ, ಫಜಿಕ್ವೆರಿಗಳೂ ಅನಲೈಸರ್ ಹತ್ತಿರ ಹೋಗುವುದಿಲ್ಲ. ಅರ್ಧ ಪದವನ್ನು ತುಂಡು ಮಾಡಿಸುವುದಕ್ಕೂ ಆಗಲ್ಲ. ಇಲ್ಲಿ ಅನಲೈಸರ್‌ನ ನಾರ್ಮಲೈಸ್ ಮೆಥಡ್ ಬಳಸಿ. ಪದವನ್ನು ಒಡೆಯದೆ ಸಣ್ಣಕ್ಷರ ಮಾಡುವಂಥ ಕೆಲಸವನ್ನಷ್ಟೇ ಅದು ಮಾಡುತ್ತದೆ.

ಇನ್ನು ಇವನ್ನೆಲ್ಲ ಸೇರಿಸುವುದು. ಬೂಲಿಯನ್‌ಕ್ವೆರಿಯ ಬಿಲ್ಡರ್ ತೆಗೆದುಕೊಂಡು, ಒಂದೊಂದೇ ಕ್ವೆರಿಯನ್ನು ಸೇರಿಸಿ, ಕೊನೆಗೆ ಬಿಲ್ಡ್ ಅನ್ನಬೇಕು. ಪ್ರತಿಯೊಂದಕ್ಕೂ ಮಸ್ಟ್, ಶುಡ್, ಮಸ್ಟ್‌ನಾಟ್ (ಇರಲೇಬಾರದು), ಫಿಲ್ಟರ್ ಈ ನಾಲ್ಕರಲ್ಲಿ ಒಂದು ಪಾತ್ರ. ಮಸ್ಟ್ ಮತ್ತು ಫಿಲ್ಟರ್ ಎರಡೂ 'ಇರಲೇಬೇಕು' ಅನ್ನುತ್ತವೆ. ಆದರೆ ಯಾವ ಫಲಿತಾಂಶ ಮೇಲೆ ಬರಬೇಕು ಅಂತ ತೀರ್ಮಾನಿಸುವ ಅಂಕಕ್ಕೆ ಫಿಲ್ಟರ್ ಏನೂ ಸೇರಿಸುವುದಿಲ್ಲ. ಭಾಷೆ, ವಿಭಾಗ, ವರ್ಷದಂಥ ಷರತ್ತುಗಳನ್ನು ಫಿಲ್ಟರ್‌ನಲ್ಲೇ ಇಡಿ. ಕನ್ನಡ ಪುಸ್ತಕ ಅನ್ನುವ ಕಾರಣಕ್ಕೆ ಒಂದು ಪುಸ್ತಕ ಮೇಲೆ ಬರುವ ಅಗತ್ಯ ಇಲ್ಲ, ಅಲ್ವಾ? ಆ ಷರತ್ತುಗಳಿಗೆ ಲೂಸೀನ್ ಅಂಕ ಲೆಕ್ಕ ಹಾಕುವ ಕೆಲಸವೂ ತಪ್ಪುತ್ತದೆ.

ಶುಡ್ ಬಗ್ಗೆ ಗೊಂದಲ ತುಂಬಾ. ಶುಡ್ ಷರತ್ತುಗಳು ಮಾತ್ರ ಇದ್ದರೆ ಅದರಲ್ಲಿ ಒಂದಾದರೂ ಹೊಂದಲೇಬೇಕು. ಪಕ್ಕದಲ್ಲಿ ಒಂದು ಮಸ್ಟ್ ಅಥವಾ ಫಿಲ್ಟರ್ ಸೇರಿಸಿದ ಕೂಡಲೇ ಶುಡ್ ಐಚ್ಛಿಕ ಆಗುತ್ತದೆ. ಹೊಂದಿದರೆ ಅಂಕ ಏರುತ್ತದೆ, ಹೊಂದದಿದ್ದರೂ ಪುಸ್ತಕ ಪಟ್ಟಿಯಲ್ಲಿ ಇರುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಹುಡುಕಾಟಕ್ಕೆ ಭಾಷೆಯ ಫಿಲ್ಟರ್ ಹಾಕಿದ ತಕ್ಷಣ ಆ ಭಾಷೆಯ ಎಲ್ಲ ಪುಸ್ತಕಗಳೂ ಬಂದುಬಿಟ್ಟರೆ ಕಾರಣ ಇದೇ. ಪರಿಹಾರ ಸುಲಭ. ಶುಡ್‌ಗಳನ್ನೆಲ್ಲ ಬೇರೆ ಬೂಲಿಯನ್‌ಕ್ವೆರಿಯಲ್ಲಿ ಕಟ್ಟಿ, ಅದನ್ನು ಹೊರಗಿನ ಕ್ವೆರಿಗೆ ಮಸ್ಟ್ ಆಗಿ ಸೇರಿಸಿ. ಇಲ್ಲದಿದ್ದರೆ ಕನಿಷ್ಠ ಎಷ್ಟು ಶುಡ್ ಹೊಂದಬೇಕು ಅಂತ ಬಿಲ್ಡರ್‌ಗೆ ಸಂಖ್ಯೆ ಕೊಡಿ.

ಹೀಗೆ ಒಂದರೊಳಗೆ ಒಂದು ಇಡಲು ಆಗುವುದೇ ಕೋಡ್‌ನಲ್ಲಿ ಕಟ್ಟುವುದರ ದೊಡ್ಡ ಲಾಭ ಅನ್ನುತ್ತೇನೆ. ಕ್ಲಾಸಿಕ್ ಪಾರ್ಸರ್‌ಗೆ (ಮೇಲೆ ಹೇಳಿದ ಕ್ವೆರಿಪಾರ್ಸರ್‌ಗೆ) ಕಂಸ ಇಲ್ಲದೆ 'ಎ ಆ್ಯಂಡ್ ಬಿ ಆರ್ ಸಿ' ಅಂತ ಕೊಟ್ಟರೆ ಅದು ಎ, ಬಿ ಎರಡನ್ನೂ ಕಡ್ಡಾಯ ಮಾಡಿ ಸಿ ಅನ್ನು ಐಚ್ಛಿಕ ಮಾಡುತ್ತದೆ. ತರ್ಕದಲ್ಲಿ ನಾವು ಕಲಿತದ್ದು ಹಾಗಲ್ಲ. ಕೋಡ್‌ನಲ್ಲಿ ಕಟ್ಟಿದ ಕ್ವೆರಿಗೆ ಇಂಥ ಎರಡನೇ ಅರ್ಥ ಇರುವುದಿಲ್ಲ.

ಬರೀ ಮಸ್ಟ್‌ನಾಟ್ ಇರುವ ಕ್ವೆರಿ ಏನನ್ನೂ ಕೊಡುವುದಿಲ್ಲ. ಕಳೆಯುವುದಕ್ಕೆ ಮೊದಲು ಏನಾದರೂ ಇರಬೇಕು. ಜೊತೆಗೆ ಎಲ್ಲ ಪುಸ್ತಕಗಳಿಗೂ ಹೊಂದುವ ಮ್ಯಾಚ್‌ಆಲ್‌ಡಾಕ್ಸ್‌ಕ್ವೆರಿ ಸೇರಿಸಿ.

ಸಂಖ್ಯೆಗಳ ವಿಷಯದಲ್ಲಂತೂ ಪಾರ್ಸರ್ ನಂಬಲೇಬೇಡಿ. ಪ್ರಕಟವಾದ ವರ್ಷವನ್ನು ಇಂಟ್‌ಪಾಯಿಂಟ್ (ಪೂರ್ಣಾಂಕದ ಫೀಲ್ಡ್) ಆಗಿ ಇಂಡೆಕ್ಸ್ ಮಾಡಿರುತ್ತೀರಿ. ಕ್ಲಾಸಿಕ್ ಪಾರ್ಸರ್‌ಗೆ 1990ರಿಂದ 2000 ಅಂತ ಬರೆದರೆ ಅದು ಪದಗಳ ಶ್ರೇಣಿ ಅಂತ ತಿಳಿಯುತ್ತದೆ, ಮತ್ತೆ ಸೊನ್ನೆ. ಕೋಡ್‌ನಲ್ಲಿ ಇಂಟ್‌ಪಾಯಿಂಟ್‌ನ ನ್ಯೂರೇಂಜ್‌ಕ್ವೆರಿ ಬಳಸಿ. ಎರಡೂ ತುದಿಗಳು ಲೆಕ್ಕಕ್ಕೆ ಸೇರುತ್ತವೆ. 1990 ಬೇಡ, ಅದರ ನಂತರದ್ದು ಬೇಕು ಅಂದರೆ 1991 ಕೊಡಬೇಕು. ಸಾವಿರಾರು ಪುಸ್ತಕ ಕೋಡ್‌ಗಳ ಪಟ್ಟಿಯಲ್ಲಿ ಯಾವುದಾದರೂ ಒಂದು ಹೊಂದಬೇಕು ಅಂದಾಗ ಬೂಲಿಯನ್‌ಕ್ವೆರಿಗೆ ಶುಡ್ ಸುರಿಯಬೇಡಿ. ಪೂರ್ವನಿಯೋಜಿತ ಮಿತಿ 1024 ಷರತ್ತು, ಅದು ದಾಟಿದರೆ ಎಕ್ಸೆಪ್ಷನ್. ಈ ಕೆಲಸಕ್ಕೇ ಟರ್ಮ್‌ಇನ್‌ಸೆಟ್‌ಕ್ವೆರಿ ಇದೆ.

ಏನೋ ತಪ್ಪಾಗುತ್ತಿದೆ ಅನ್ನಿಸಿದಾಗ ಕ್ವೆರಿಯನ್ನು ಟುಸ್ಟ್ರಿಂಗ್ ಮಾಡಿ ಪ್ರಿಂಟ್ ಮಾಡಿ. ಮಸ್ಟ್‌ಗೆ ಪ್ಲಸ್, ಮಸ್ಟ್‌ನಾಟ್‌ಗೆ ಮೈನಸ್, ಫಿಲ್ಟರ್‌ಗೆ ಹ್ಯಾಶ್ ಚಿಹ್ನೆ ಕಾಣುತ್ತದೆ. ಇದು ಕಣ್ಣಿಗೆ ಮಾತ್ರ, ಇದನ್ನು ಮತ್ತೆ ಪಾರ್ಸರ್‌ಗೆ ಕೊಡಬೇಡಿ, ಅದೇ ಕ್ವೆರಿ ವಾಪಸ್ ಸಿಗುವ ಖಾತ್ರಿ ಇಲ್ಲ. ಒಂದು ಪುಸ್ತಕಕ್ಕೆ ಇಷ್ಟೇ ಅಂಕ ಯಾಕೆ ಅಂತ ತಿಳಿಯಲು ಇಂಡೆಕ್ಸ್‌ಸರ್ಚರ್‌ನ ಎಕ್ಸ್‌ಪ್ಲೇನ್ ಇದೆ. ಇಂಡೆಕ್ಸ್ ಒಳಗೆ ನಿಜವಾಗಿ ಯಾವ ಪದಗಳಿವೆ ಅಂತ ನೋಡಲು ಲ್ಯೂಕ್ ಅನ್ನುವ ಟೂಲ್ ಇದೆ. 8.1 ಆವೃತ್ತಿಯಿಂದ ಅದು ಲೂಸೀನ್ ಜೊತೆಗೇ ಬರುತ್ತದೆ. ನಾನಾದರೆ ಮೊದಲು ಲ್ಯೂಕ್ ತೆಗೆದು ಶೀರ್ಷಿಕೆ ಫೀಲ್ಡ್‌ನ ಪದಗಳ ಪಟ್ಟಿ ನೋಡುತ್ತೇನೆ. ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಎಲಾಸ್ಟಿಕ್‌ಸರ್ಚ್ ಅನ್ನುವ ಸರ್ಚ್ ಎಂಜಿನ್ ಬಳಸುವವರಿಗೂ ಇದೇ ಮಾತು, ಯಾಕೆಂದರೆ ಅದರ ಒಳಗಿರುವುದೂ ಲೂಸೀನ್. ಅಲ್ಲಿ ಮ್ಯಾಚ್ ಕ್ವೆರಿ ಪಠ್ಯವನ್ನು ಅನಲೈಸ್ ಮಾಡುತ್ತದೆ, ಟರ್ಮ್ ಕ್ವೆರಿ ಮಾಡುವುದಿಲ್ಲ. ಟೆಕ್ಸ್ಟ್ ಮಾದರಿಯ ಫೀಲ್ಡ್‌ಗೆ ಮ್ಯಾಚ್, ಕೀವರ್ಡ್ ಮಾದರಿಯ ಫೀಲ್ಡ್‌ಗೆ ಟರ್ಮ್ ಬಳಸಿ.